ಚಿಕ್ಕ ಟ್ರ್ಯಾಕ್ಟರ್‌ನಿಂದ ಹಿತ್ತಲು ಸಮ ಮಾಡಿದ ಕಥೆ

ನಮ್ಮ ಹಿತ್ತಲು ಕೊನೆಗೂ ಸಮ ಆಯಿತು. ಕೆಲಸ ಮುಗಿದ ಮೇಲೆ ಒಂದು ದೊಡ್ಡ ಮಳೆಯೂ ಬಿದ್ದಾಗಿದೆ. ನೀರು ಹೋಗಬೇಕಾದ ಕಡೆಗೇ ಹೋಗುತ್ತಿದೆ. ಎಲ್ಲ ನೆನಪಿರುವಾಗಲೇ ಬರೆದಿಡೋಣ ಅನಿಸಿತು. ಚಿಕ್ಕ ಟ್ರ್ಯಾಕ್ಟರ್ ತಂದು ಮನೆಯ ಮಣ್ಣಿನ ಕೆಲಸ ತಾವೇ ಮಾಡಿಕೊಳ್ಳುವ ಯೋಚನೆ ಇರುವವರಿಗೆ ಮೊದಲೇ ಒಂದು ಮಾತು ಹೇಳುತ್ತೇನೆ. ಇದರಲ್ಲಿ ಅಗೆಯುವುದು ಸಣ್ಣ ಭಾಗ. ಅಗೆದ ಮಣ್ಣನ್ನು ಎಲ್ಲಿಗೆ ಒಯ್ಯುವುದು, ಎಲ್ಲಿ ಗುಡ್ಡೆ ಹಾಕುವುದು, ಯಾವಾಗ ವಾಪಸ್ ತರುವುದು, ಸಮಯ ಡೀಸೆಲ್ ಎಲ್ಲ ಖರ್ಚಾಗುವುದು ಇದರಲ್ಲೇ.

ಜಾಗ ಹೀಗಿತ್ತು: 10 ಮೀಟರ್ ಉದ್ದ, 8 ಮೀಟರ್ ಅಗಲ. ಅಗಲದ ಒಂದು ಬದಿಯಿಂದ ಇನ್ನೊಂದು ಬದಿಗೆ ಬರುವಷ್ಟರಲ್ಲಿ ನೆಲ 1 ಮೀಟರ್ ಇಳಿಯುತ್ತಿತ್ತು. ಗಾಡಿ ನಿಲ್ಲಿಸಲು ಆಗುತ್ತಿರಲಿಲ್ಲ, ಒಂದು ಶೆಡ್ ಹಾಕಲೂ ಆಗುತ್ತಿರಲಿಲ್ಲ. ಮೇಲಿನ ಬದಿಯಿಂದ ಮಳೆ ನೀರು ಬೇರೆ ನುಗ್ಗುತ್ತಿತ್ತು. ಮನೆಯ ಗೋಡೆಗೂ ಈ ಜಾಗಕ್ಕೂ ನಡುವೆ ಸಾಕಷ್ಟು ಅಂತರ ಇದೆ. ಇಲ್ಲದಿದ್ದರೆ ನಾನು ಈ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಅಡಿಪಾಯದ ಪಕ್ಕದಲ್ಲಿ ಅಗೆಯುವುದು ಬೇರೆಯೇ ವಿದ್ಯೆ, ಅದಕ್ಕೆ ಎಂಜಿನಿಯರ್ ಬೇಕು.

ಜೆಸಿಬಿ ಕರೆಸಿದರೆ ಬೇಗ ಮುಗಿಯುತ್ತಿತ್ತಲ್ಲ ಎಂದು ಎಲ್ಲರೂ ಕೇಳಿದರು. ನಿಜ, ಅಗೆತ ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ಬೇಗ ಮುಗಿಯುತ್ತಿತ್ತು. ಆದರೆ ಹಿತ್ತಲಿಗೆ ಹೋಗುವ ದಾರಿ 2 ಮೀಟರ್ ಅಗಲ. 25 ಅಶ್ವಶಕ್ತಿಯ ಆಸುಪಾಸಿನ ಚಿಕ್ಕ ಟ್ರ್ಯಾಕ್ಟರ್ ಸಾಮಾನ್ಯವಾಗಿ ಒಂದೂವರೆ ಮೀಟರ್ ಒಳಗೇ ಇರುತ್ತದೆ, ತೂಕವೂ ಕಡಿಮೆ. ಮುಂದೆ ಲೋಡರ್ ಬಕೆಟ್, ಹಿಂದೆ ಬೇಕಾದ ಉಪಕರಣ ಕಟ್ಟಿಕೊಳ್ಳಬಹುದು. ಅಗೆದ ಮಣ್ಣನ್ನು ಅದೇ ಹೊತ್ತುಕೊಂಡು ಹೋಗುತ್ತದೆ, ಹರಡುತ್ತದೆ, ಜಲ್ಲಿಯನ್ನೂ ತರುತ್ತದೆ. ನನಗೆ ಬೇಕಾಗಿದ್ದು ಅದೇ.

ಮೊದಲು ಕೂತು ಲೆಕ್ಕ ಹಾಕಿದೆ. ಇದನ್ನು ಯಾರೂ ಬಿಡಬೇಡಿ. ಮೇಲಿನ ಅರ್ಧ ಕಡಿದು ಕೆಳಗಿನ ಅರ್ಧಕ್ಕೆ ತುಂಬಿದರೆ, ಮಧ್ಯದಲ್ಲಿ ಏನೂ ಕಡಿಯಬೇಕಿಲ್ಲ, ಮೇಲಿನ ಅಂಚಿನಲ್ಲಿ ಅರ್ಧ ಮೀಟರ್ ಆಳ. ಹೀಗೆ ಕಡಿಯಬೇಕಾದ ಮಣ್ಣು ಹೆಚ್ಚೆಂದರೆ 10 ಘನ ಮೀಟರ್. ನೀರು ಹರಿಯಲಿ ಎಂದು ನೂರಕ್ಕೆ 2ರಷ್ಟು ಇಳಿಜಾರು, ಅಂದರೆ 8 ಮೀಟರ್‌ಗೆ 16 ಸೆಂಟಿಮೀಟರ್, ಬಿಟ್ಟುಕೊಂಡಿದ್ದರಿಂದ ಇನ್ನೂ ಸ್ವಲ್ಪ ಕಡಿಮೆ. ಇಷ್ಟೇನಾ ಎಂದು ಖುಷಿಯಾಯಿತು. ಆಮೇಲೆ ಮೇಲ್ಮಣ್ಣಿನ ಲೆಕ್ಕ ಬಂತು. ಹುಲ್ಲು, ಬೇರು, ಗೊಬ್ಬರದ ಅಂಶ ಇರುವ ಮೇಲಿನ ಪದರದ ಮೇಲೆ ಹೊಸ ಮಣ್ಣು ತುಂಬುವ ಹಾಗಿಲ್ಲ. ಅದು ಕೊಳೆತು ಕುಸಿಯುತ್ತದೆ. ಪೂರ್ತಿ ಜಾಗದಿಂದ 15 ಸೆಂಟಿಮೀಟರ್ ಕೆರೆದು ತೆಗೆಯಬೇಕು. 80 ಚದರ ಮೀಟರ್‌ಗೆ ಅದೇ 12 ಘನ ಮೀಟರ್! ಕಡಿಯುವ ಮಣ್ಣಿಗಿಂತ ಕೆರೆಯುವ ಮಣ್ಣೇ ಜಾಸ್ತಿ. ಅದನ್ನು ಒಯ್ದು ಒಂದು ಕಡೆ ಇಟ್ಟು, ಕೊನೆಗೆ ಬೇಕಾದ ಕಡೆ ತಂದು ಹಾಕಬೇಕು. ಅಂದರೆ ಎರಡು ಸಲ ಸಾಗಿಸಬೇಕು.

ಅಗೆದ ಮಣ್ಣು ಉಬ್ಬುತ್ತದೆ ಎನ್ನುವುದೂ ಲೆಕ್ಕದಲ್ಲಿರಲಿ. ಸಾಧಾರಣ ಮಣ್ಣು ಕಾಲು ಭಾಗದಷ್ಟು ಹೆಚ್ಚಾಗುತ್ತದೆ. ನೆಲದಲ್ಲಿ 12 ಘನ ಮೀಟರ್ ಇದ್ದದ್ದು ಗುಡ್ಡೆಯಲ್ಲಿ 15 ಆಗುತ್ತದೆ. ಚಿಕ್ಕ ಟ್ರ್ಯಾಕ್ಟರ್‌ನ ಬಕೆಟ್ ತುಂಬಿ ತುಳುಕಿದರೆ ಕಾಲು ಘನ ಮೀಟರ್. ಮೇಲ್ಮಣ್ಣಿಗೇ 60 ಬಕೆಟ್ ಹೊರಟಿತು. ಇದನ್ನು ಕಾಗದದ ಮೇಲೆ ನೋಡಿದ ಮೇಲೆ ಮಣ್ಣಿನ ಗುಡ್ಡೆಯನ್ನು ಹಿತ್ತಲಿನ ದೂರದ ಮೂಲೆಯಲ್ಲಿ ಹಾಕುವ ಯೋಚನೆ ಬಿಟ್ಟೆ. ಜಾಗದ ಪಕ್ಕದಲ್ಲೇ, ಟ್ರ್ಯಾಕ್ಟರ್ ತಿರುಗಲು ಅಡ್ಡಿ ಆಗದ ಹಾಗೆ ಹಾಕಿದೆ. ಪ್ರತಿ ಬಕೆಟ್‌ಗೂ ಹೋಗಿಬರುವ ದೂರ ಕಡಿಮೆ ಆದರೆ ಬಾಡಿಗೆಯ ಗಂಟೆಗಳೂ ಕಡಿಮೆ.

ಇನ್ನು ಕಾಗದ ಪತ್ರದ ವಿಷಯ. ಎಷ್ಟು ಆಳ ಅಗೆದರೆ, ಎಷ್ಟು ಮಣ್ಣು ಸಾಗಿಸಿದರೆ ಅನುಮತಿ ಬೇಕು ಎನ್ನುವುದು ಊರಿಂದ ಊರಿಗೆ ಬೇರೆ. ಸ್ಥಳೀಯ ಆಡಳಿತದ ಕಚೇರಿಗೆ ಹೋಗಿ ಕೇಳುವುದೇ ದಾರಿ. ಹೋಗುವಾಗ ಕೈಯಲ್ಲಿ ಬಿಡಿಸಿದ್ದಾದರೂ ಸರಿ, ಅಳತೆ ಬರೆದ ನಕ್ಷೆ ಒಯ್ಯಿರಿ. ನಕ್ಷೆ ನೋಡಿದ ಮೇಲೆ ಪ್ರಶ್ನೆಗಳು ಅರ್ಧಕ್ಕರ್ಧ ಕಡಿಮೆಯಾದವು. ಮಳೆ ನೀರನ್ನು ಪಕ್ಕದವರ ಜಾಗಕ್ಕೆ ತಿರುಗಿಸುತ್ತಿಲ್ಲ ತಾನೇ ಎಂದು ಮಾತ್ರ ತಿರುಗಿ ತಿರುಗಿ ಕೇಳಿದರು.

ಅದಕ್ಕಿಂತ ಹೆಚ್ಚು ಕಾದದ್ದು ನೆಲದಡಿಯ ಲೈನುಗಳನ್ನು ಗುರುತಿಸಲು. ವಿದ್ಯುತ್, ನೀರು, ಗ್ಯಾಸ್, ಫೋನ್ ಕೇಬಲ್ ಇವುಗಳಲ್ಲಿ ಯಾವುದು ಎಲ್ಲಿ ಹೋಗಿದೆ ಎಂದು ಆಯಾ ಸಂಸ್ಥೆಯವರಿಂದಲೇ ಗುರುತು ಹಾಕಿಸಿಕೊಳ್ಳಬೇಕು. ಒಬ್ಬರು ಬೇಗ ಬಂದರು. ಇನ್ನೊಬ್ಬರಿಗಾಗಿ ಕಾದು ಕಾದು ಸಾಕಾಯಿತು. ಸುಮ್ನೆ ಶುರು ಮಾಡಿಬಿಡೋಣವಾ ಎಂದು ಮನಸ್ಸು ತುಂಬಾ ಎಳೆಯಿತು. ಹಾಗೆ ಮಾಡಬೇಡಿ. ಕೇಬಲ್ ಕಡಿದರೆ ಜೀವಕ್ಕೇ ಅಪಾಯ. ಗುರುತು ಹಾಕಿದ ಮೇಲೂ ಅದರ ಎರಡೂ ಬದಿಗೆ ಅರ್ಧ ಮೀಟರ್‌ನಷ್ಟು ಜಾಗದಲ್ಲಿ ಯಂತ್ರ ಮುಟ್ಟಿಸದೆ ಗುದ್ದಲಿಯಲ್ಲೇ ಅಗೆಯಬೇಕು. ಇನ್ನೊಂದು ವಿಷಯ ಗಮನದಲ್ಲಿರಲಿ: ಅವರು ಗುರುತಿಸುವುದು ತಮ್ಮ ಲೈನನ್ನು ಮಾತ್ರ. ಮೀಟರ್‌ನಿಂದ ಈಚೆಗೆ ನಾವೇ ಎಳೆಸಿಕೊಂಡ ವೈರು, ಹಿಂದಿನ ಮಾಲೀಕರು ಹೂತಿಟ್ಟ ಪೈಪು ಇವೆಲ್ಲ ನಮ್ಮ ತಲೆನೋವು.

ಕಾಯುವ ಹೊತ್ತಿಗೆ ಪಕ್ಕದ ಮನೆಯವರು ಬಂದರು. ಗೂಟ, ದಾರ ನೋಡಿ ಅವರಿಗೆ ಗಾಬರಿ.

"ಏನ್ರೀ, ಇಷ್ಟು ಹತ್ತಿರ ಅಗೀತೀರಾ? ನಮ್ಮ ಕಾಂಪೌಂಡ್ ಕುಸಿದರೆ?"

ನಕ್ಷೆ ತೋರಿಸಿದೆ. ಗೋಡೆಯಿಂದ 2 ಮೀಟರ್ ದೂರದಲ್ಲಿ ಅರ್ಧ ಮೀಟರ್ ಆಳ, ಅದೂ ನೆಟ್ಟಗೆ ಕಡಿಯದೆ ಇಳಿಜಾರಾಗಿ. ಆಮೇಲೆ ಇಬ್ಬರೂ ಸೇರಿ ಅವರ ಗೋಡೆಯ ಉದ್ದಕ್ಕೂ ಫೋಟೋ ತೆಗೆದೆವು. ಆಗಲೇ ಇದ್ದ ಎರಡು ಬಿರುಕುಗಳ ಪಕ್ಕ ಅಳತೆ ಪಟ್ಟಿ ಹಿಡಿದು ತೆಗೆದೆವು. ಅವರಿಗೂ ಕಳಿಸಿದೆ. ಈ ಫೋಟೋಗಳು ಯಾವ ಅನುಮತಿ ಪತ್ರಕ್ಕೂ ಕಡಿಮೆಯಲ್ಲ. ನಾಳೆ ಬಿರುಕಿನ ಮಾತು ಬಂದರೆ ಜಗಳ ಆಗುವುದಿಲ್ಲ.

ಬಾಡಿಗೆ ಪತ್ರವನ್ನು ಓದಿಯೇ ಸಹಿ ಮಾಡಿ. ಬಾಡಿಗೆ ದಿನದ ಲೆಕ್ಕವೋ, ಎಂಜಿನ್ ಓಡಿದ ಗಂಟೆಯ ಲೆಕ್ಕವೋ? ಟಯರ್ ಹರಿದರೆ, ಹೈಡ್ರಾಲಿಕ್ ಪೈಪ್ ಒಡೆದರೆ ಯಾರ ಖರ್ಚು? ಮಳೆ ಬಂದು ನಿಂತರೆ? ತಂದು ಇಳಿಸಿ ವಾಪಸ್ ಒಯ್ಯುವ ಸಾಗಣೆಯ ಖರ್ಚು ನನ್ನ ಲೆಕ್ಕಕ್ಕಿಂತ ಜಾಸ್ತಿ ಬಂತು. ಅಗೆಯುವ ತೋಳು ಅಂದರೆ ಬ್ಯಾಕ್‌ಹೋ ಬೇರೆ ಬಾಡಿಗೆ. ಗಂಟೆಯ ಮೀಟರ್ ತೋರಿಸುವ ಅಂಕಿಯನ್ನು ಇಳಿಸಿದ ಕೂಡಲೇ ಫೋಟೋ ತೆಗೆದುಕೊಂಡೆ, ಯಂತ್ರದ ನಾಲ್ಕೂ ಬದಿಯನ್ನೂ ತೆಗೆದೆ.

ಎಲ್ಲ ಸಿದ್ಧವಾದಾಗ ಮಳೆ ಶುರುವಾಯಿತು. ಅಲ್ವಾ, ಆಗಲೇ ಬರಬೇಕು ಅದು! ನಿಂತ ಮೇಲೂ ಕಾಯಬೇಕಾಯಿತು, ಏಕೆಂದರೆ ನಮ್ಮದು ಜೇಡಿಮಣ್ಣು. ಹಸಿ ಇದ್ದರೆ ಬಕೆಟ್‌ಗೆ ಅಂಟಿಕೊಂಡು ಕೆಳಗೆ ಬೀಳುವುದೇ ಇಲ್ಲ. ಚಕ್ರ ಹೂತುಹೋಗುತ್ತದೆ, ತುಂಬಿದ ಮಣ್ಣು ಗಟ್ಟಿಯಾಗುವುದೂ ಇಲ್ಲ. ಒಂದು ಹಿಡಿ ಮಣ್ಣು ತೆಗೆದು ಹಿಸುಕಿ ನೋಡಿ. ಉಂಡೆ ಆಗಬೇಕು, ಬೆರಳಲ್ಲಿ ಒತ್ತಿದರೆ ಒಡೆಯಬೇಕು. ಕೈಗೆ ನೀರು ಹತ್ತಿ ಮಿರುಗಿದರೆ ಇನ್ನೂ ಹಸಿ. ಉಂಡೆಯೇ ಆಗದೆ ಪುಡಿಯಾದರೆ ಒಣಗಿದ್ದು ಹೆಚ್ಚಾಯಿತು, ಒತ್ತುವಾಗ ನೀರು ಚಿಮುಕಿಸಬೇಕಾಗುತ್ತದೆ.

ಕೊನೆಗೂ ಟ್ರ್ಯಾಕ್ಟರ್ ಇಳಿಯಿತು. ತಂದವನು ಹಿಂದೆ ಬಾಕ್ಸ್ ಬ್ಲೇಡ್ ಕಟ್ಟಿಕೊಟ್ಟ. ಅದು ಮೂರು ಬದಿ ತಗಡಿರುವ, ಕೆಳಗೆ ಹಲ್ಲು ಇಳಿಸಬಹುದಾದ ಪೆಟ್ಟಿಗೆ. ಅದು ಕೆಲಸಕ್ಕೆ ಬರುವುದಲ್ಲದೆ ಹಿಂದಿನ ಭಾರವೂ ಆಗುತ್ತದೆ. ಈ ಭಾರ ತುಂಬಾ ಮುಖ್ಯ. ಕಾಲು ಘನ ಮೀಟರ್ ಸಡಿಲ ಮಣ್ಣು ಎಂದರೆ 300 ಕಿಲೋಗೂ ಜಾಸ್ತಿ. ಅದನ್ನು ಮುಂದೆ ಎತ್ತಿದಾಗ ಹಿಂದಿನ ಚಕ್ರ ಹಗುರಾಗುತ್ತದೆ. ಇಂಥ ಟ್ರ್ಯಾಕ್ಟರ್‌ಗಳ ಬ್ರೇಕ್ ಇರುವುದು ಸಾಮಾನ್ಯವಾಗಿ ಹಿಂದಿನ ಚಕ್ರಗಳಿಗೆ. ಅವು ನೆಲ ಬಿಟ್ಟರೆ ಬ್ರೇಕೂ ಹೋಯಿತು. ಹಾಗಾಗಿ ಹಿಂದೆ ಭಾರ ಇಲ್ಲದೆ ಲೋಡರ್ ಕೆಲಸ ಬೇಡ, ಇಳಿಜಾರಿನಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟೇ ಇಳಿಯಿರಿ.

"ಬಕೆಟ್ ಯಾವಾಗ್ಲೂ ಮೊಣಕಾಲಿಗಿಂತ ಕೆಳಗೇ ಇರ್ಲಿ ಸಾರ್. ಎತ್ತೋದು ಸುರಿಯೋವಾಗ ಮಾತ್ರ" ಎಂದು ತಂದವನು ಹೇಳಿ ಹೋದ. ಅಷ್ಟು ಸಣ್ಣ ಮಾತು. ಮೊದಲ ದಿನ ಇಳಿಜಾರಿನಲ್ಲಿ ಸೀಟು ಒಂದು ಕಡೆ ವಾಲಿದಾಗ ಹೊಟ್ಟೆಯೊಳಗೆ ಏನೋ ಜಾರಿದ ಹಾಗಾಯಿತು. ಆಗ ಆ ಮಾತಿನ ಬೆಲೆ ಗೊತ್ತಾಯಿತು. ಇಳಿಜಾರಿಗೆ ಅಡ್ಡಡ್ಡ ಓಡಿಸದೆ ಮೇಲೆ ಕೆಳಗೆ ಮಾತ್ರ ಓಡಿಸಿದೆ. ಸೀಟಿನ ಹಿಂದಿನ ರಕ್ಷಣೆಯ ಕಬ್ಬಿಣದ ಚೌಕಟ್ಟು ಎತ್ತಿ ನಿಲ್ಲಿಸಿ, ಬೆಲ್ಟ್ ಕಟ್ಟಿಯೇ ಕೂತೆ. ಚೌಕಟ್ಟು, ಬೆಲ್ಟ್ ಎರಡೂ ಒಟ್ಟಿಗೇ ಇರಬೇಕು. ಚೌಕಟ್ಟು ಮಡಚಿಟ್ಟು ಬೆಲ್ಟ್ ಕಟ್ಟಿದರೆ, ಮಗುಚಿದಾಗ ನಾವು ಯಂತ್ರದ ಅಡಿಗೇ ಸಿಗುತ್ತೇವೆ.

ಮೇಲ್ಮಣ್ಣು ಕೆರೆಯುವುದು ಸಲೀಸು ಎಂದುಕೊಂಡಿದ್ದೆ. ಬಕೆಟ್ ಅಂಚನ್ನು ನೆಲಕ್ಕೆ ಒತ್ತಿ ಮುಂದೆ ಹೋದರೆ ಗಟ್ಟಿ ನೆಲದ ಮೇಲೆ ಸುಮ್ಮನೆ ಜಾರುತ್ತದೆ, ಹೆಚ್ಚು ಒತ್ತಿದರೆ ಮುಂದಿನ ಚಕ್ರ ಎದ್ದು ನಿಲ್ಲುತ್ತದೆ. ಚಿಕ್ಕ ಟ್ರ್ಯಾಕ್ಟರ್‌ನ ಲೋಡರ್ ಸಡಿಲ ಮಣ್ಣನ್ನು ತುಂಬಿಕೊಳ್ಳಲು ಮಾಡಿದ್ದು. ಅಲುಗದ ನೆಲವನ್ನು ಕಡಿಯುವ ಬಲ ಅದಕ್ಕಿಲ್ಲ. ಬಕೆಟ್‌ನ ಒಂದು ಮೂಲೆಯಿಂದ ಇರಿದರೆ ಲೋಡರ್ ತೋಳೇ ಸೊಟ್ಟ ಆಗಬಹುದು. ದಾರಿ ಒಂದೇ: ಮೊದಲು ಹಿಂದಿನ ಹಲ್ಲು ಇಳಿಸಿ ನೆಲ ಸೀಳಬೇಕು, ಆಮೇಲೆ ತಿರುಗಿ ಬಂದು ಬಕೆಟ್‌ನಲ್ಲಿ ತುಂಬಬೇಕು. ಹಲ್ಲು ಒಂದೇ ಸಲಕ್ಕೆ ಪೂರ್ತಿ ಇಳಿಸಬೇಡಿ, ಚಕ್ರ ತಿರುಗಿ ಗುಂಡಿ ಬೀಳುತ್ತದೆ. ಸ್ವಲ್ಪ ಸ್ವಲ್ಪ ಇಳಿಸಿ, ಸೀಳು, ತುಂಬು, ಮತ್ತೆ ಸೀಳು. ಮಣ್ಣಿನ ರಾಶಿಗೆ ನುಗ್ಗುವಾಗ ಬಕೆಟ್ ತಳ ನೆಲಕ್ಕೆ ಸಮ ಇರಲಿ. ನಿಧಾನ ಮುಂದೆ ಹೋಗುತ್ತಾ, ತುಂಬಿದ ಹಾಗೆ ಹಿಂದಕ್ಕೆ ಮಡಚುತ್ತಾ ಎತ್ತಿ. ಜೋರಾಗಿ ನುಗ್ಗಿದರೆ ಬಕೆಟ್ ಅರ್ಧವೂ ತುಂಬುವುದಿಲ್ಲ, ಬೆನ್ನು ಮಾತ್ರ ನೋಯುತ್ತದೆ.

ಬೆನ್ನಿಗಿಂತ ಕತ್ತು ಹೆಚ್ಚು ನೋಯಿತು. ದಿನವಿಡೀ ಹಿಂದೆ ಮುಂದೆ ತಿರುಗಿ ನೋಡುವುದೇ ಕೆಲಸ. ರಾತ್ರಿ ಕಣ್ಣು ಮುಚ್ಚಿದರೂ ಬಕೆಟ್ ಏಳುವುದು ಇಳಿಯುವುದೇ ಕಾಣುತ್ತಿತ್ತು. ಆದರೂ ಕೈಗೆ ಲಿವರ್ ಹೊಂದಿಕೊಂಡ ಮೇಲೆ ಬಂದ ಖುಷಿ ಇದೆಯಲ್ಲ, ಅದನ್ನು ಅಲ್ಲಗಳೆಯುವುದಿಲ್ಲ. ಮಕ್ಕಳು ಕಿಟಕಿ ಬಿಟ್ಟು ಕದಲಲಿಲ್ಲ. ಅವರನ್ನು ಹೊರಗೆ ಬಿಡಲಿಲ್ಲ. ಹಿಂದೆ ಹೋಗುವಾಗ ಸಣ್ಣವರು ಕಾಣುವುದಿಲ್ಲ.

ಮೇಲಿನ ಬದಿ ಕಡಿದು ಕೆಳಗಿನ ಬದಿ ತುಂಬುವಾಗ ಅವಸರ ಮಾಡುವವರೇ ಹೆಚ್ಚು. ಮಣ್ಣನ್ನು ಒಟ್ಟಿಗೆ ಸುರಿದು ಮೇಲೆ ಟ್ರ್ಯಾಕ್ಟರ್ ಓಡಾಡಿಸಿದರೆ ಗಟ್ಟಿಯಾಗುತ್ತದೆ ಎಂದು ನಂಬುತ್ತಾರೆ. ಚಕ್ರ ಹೋದ ಪಟ್ಟಿ ಮಾತ್ರ ಗಟ್ಟಿಯಾಗುತ್ತದೆ, ಅದೂ ಮೇಲೆ ಮೇಲೆ. 15 ಸೆಂಟಿಮೀಟರ್ ಪದರ ಹರಡುವುದು, ಒತ್ತುವುದು, ಮತ್ತೆ ಹರಡುವುದು. ಒತ್ತಲು ಕಂಪನದ ರೋಲರ್ ಬಾಡಿಗೆಗೆ ತಂದೆ. ಕಲ್ಲುಮಣ್ಣಿಗೆ ತಟ್ಟೆಯಂಥ ಯಂತ್ರ ನಡೆಯುತ್ತದೆ, ಜೇಡಿಮಣ್ಣಿಗೆ ಮುಳ್ಳುಗಳಿರುವ ರೋಲರ್ ಅಥವಾ ಕುಟ್ಟುವ ಯಂತ್ರ ವಾಸಿ. ಇಷ್ಟಾದರೂ ಶೆಡ್‌ಗೆ ಕಡಿದ ಬದಿಯನ್ನೇ ಇಟ್ಟುಕೊಂಡೆ, ತುಂಬಿದ ಬದಿ ಗಾಡಿಗೆ. ಅಲುಗದ ನೆಲದಷ್ಟು ನಂಬಿಕೆ ತುಂಬಿದ ಮಣ್ಣಿನ ಮೇಲೆ ನನಗಿಲ್ಲ. ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪ್ ಸಾಕಾಯಿತು. ಒಳಗೆ ಗಾಳಿಯ ಗುಳ್ಳೆ ಇರದಿದ್ದರೆ ಅದು ಸುಳ್ಳು ಹೇಳುವುದಿಲ್ಲ.

ಆಮೇಲೆ ಬಾಕ್ಸ್ ಬ್ಲೇಡ್ ಬಿಚ್ಚಿ ಬ್ಯಾಕ್‌ಹೋ ಕಟ್ಟುವ ಸರದಿ. ಮೇಲಿನ ಅಂಚಿಗೆ ನೀರು ತಡೆಯುವ ಕಾಲುವೆ ತೋಡಬೇಕಿತ್ತು. ಟ್ರ್ಯಾಕ್ಟರ್ ಹಿಂದೆ ಉಪಕರಣ ಕಟ್ಟುವ ಮೂರು ಕೊಂಡಿಗೆ ಮಾತ್ರ ಸಿಕ್ಕಿಸುವ ಬ್ಯಾಕ್‌ಹೋ ಮಾದರಿಯೂ ಸಿಗುತ್ತದೆ. ನಾನು ಟ್ರ್ಯಾಕ್ಟರ್ ಅಡಿಯಲ್ಲಿ ಉದ್ದಕ್ಕೂ ಹೋಗುವ ಚೌಕಟ್ಟಿಗೆ ಕಟ್ಟುವುದನ್ನೇ ಕೇಳಿ ತರಿಸಿದೆ. ಅಗೆಯುವ ಹೊಡೆತವೆಲ್ಲ ಕೊಂಡಿಗಳ ಮೇಲೆ ಬಿದ್ದರೆ ಟ್ರ್ಯಾಕ್ಟರ್‌ನ ಹಿಂಭಾಗವೇ ಸೀಳಬಹುದು. ಕೂತು ಅಗೆಯುವಾಗ ಬ್ಯಾಕ್‌ಹೋದ ಎರಡು ಆಸರೆ ಕಾಲುಗಳನ್ನು ನೆಲಕ್ಕೆ ಊರಿ, ಮುಂದಿನ ಬಕೆಟ್ ನೆಲಕ್ಕೆ ಒತ್ತಿ, ಯಂತ್ರದ ಭಾರವನ್ನು ಚಕ್ರದಿಂದ ಇಳಿಸಿಕೊಳ್ಳಬೇಕು. ಇಲ್ಲದಿದ್ದರೆ ತೋಳು ಮಣ್ಣನ್ನು ಎಳೆಯುವ ಬದಲು ಟ್ರ್ಯಾಕ್ಟರನ್ನೇ ಎಳೆದುಕೊಳ್ಳುತ್ತದೆ.

ಕಾಲುವೆ 20 ಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ. ಶುರುವಿನಲ್ಲಿ 60, ಕೊನೆಯಲ್ಲಿ 80 ಸೆಂಟಿಮೀಟರ್ ಆಳ. ಅಂದರೆ ಮೀಟರ್‌ಗೆ 1 ಸೆಂಟಿಮೀಟರ್ ಇಳಿತ. ತೆಗೆದ ಮಣ್ಣನ್ನು ಅಂಚಿನಿಂದ 60 ಸೆಂಟಿಮೀಟರ್ ಆಚೆಗೇ ಹಾಕಿ, ಇಲ್ಲದಿದ್ದರೆ ಅದರ ಭಾರಕ್ಕೆ ಅಂಚು ಕುಸಿಯುತ್ತದೆ. ಯಾರಿಗಾದರೂ ಇನ್ನೂ ಆಳ ಬೇಕಿದ್ದರೆ ನೆನಪಿಡಿ: ಒಂದೂವರೆ ಮೀಟರ್ ದಾಟಿದ ಗುಂಡಿಗೆ ಬದಿಗಳಿಗೆ ಆಸರೆ ಕೊಡದೆ ಇಳಿಯಬಾರದು. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ ಮೇಲೆ ತೂಗುತ್ತದೆ. ಅದು ಬೀಳುವ ಮೊದಲು ಸದ್ದು ಮಾಡುವುದಿಲ್ಲ.

ಅರ್ಧ ದಾರಿಯಲ್ಲಿ ಬಕೆಟ್‌ನಲ್ಲಿ ಸುಟ್ಟ ಮಣ್ಣಿನ ಪೈಪಿನ ಚೂರು ಬಂತು. ಯಾವ ನಕ್ಷೆಯಲ್ಲೂ ಇಲ್ಲದ್ದು. ಕೆಲಸ ನಿಲ್ಲಿಸಿದೆ. ಬಳಕೆಯಲ್ಲಿದೆಯೋ ಸತ್ತ ಪೈಪೋ ಗೊತ್ತಾಗಬೇಕಲ್ಲ. ಬಚ್ಚಲು, ಅಡುಗೆ ಮನೆ, ಶೌಚಾಲಯ ಒಂದೊಂದರಲ್ಲೂ ಬಣ್ಣ ಕಲಸಿದ ನೀರು ಬಿಟ್ಟು ಇಲ್ಲಿ ಕಾದು ಕೂತೆವು. ಛಾವಣಿಯ ಮಳೆ ಪೈಪಿಗೂ ಸುರಿದೆವು. ಏನೂ ಬರಲಿಲ್ಲ, ಹಳೆಯ ಬಿಟ್ಟ ಪೈಪು. ಎರಡೂ ಬಾಯಿಗೆ ಸಿಮೆಂಟ್ ತುರುಕಿ ಮುಚ್ಚಿದೆ. ಹಾಗೇ ಬಿಟ್ಟರೆ ನೀರು ಅದರೊಳಗೆ ದಾರಿ ಮಾಡಿಕೊಂಡು ಎಲ್ಲೋ ಹೊರಡುತ್ತದೆ.

ಬಂಡೆಯೂ ಬಂತು. 1 ಮೀಟರ್ ಅಡ್ಡಳತೆಯ ಉಂಡೆ ಬಂಡೆ ಸುಮಾರು 1.4 ಟನ್ ತೂಗುತ್ತದೆ, ಟ್ರ್ಯಾಕ್ಟರ್‌ಗಿಂತಲೂ ಜಾಸ್ತಿ ಇರಬಹುದು. ನಮ್ಮದು ಅಷ್ಟು ದೊಡ್ಡದಲ್ಲ, ಆದರೂ ಎತ್ತುವ ಮಾತೇ ಇಲ್ಲ. ಮೂರು ಬದಿ ಅಗೆದು, ಒಂದು ಬದಿಗೆ ಇಳಿಜಾರು ಮಾಡಿ, ತೋಳಿನಿಂದ ಮೀಟಿ ಉರುಳಿಸಿದೆ. ಸರಪಳಿ ಕಟ್ಟಿ ಎಳೆಯಬೇಕಾದಾಗ ಹಿಂದಿನ ತಗ್ಗಿನ ಕೊಂಡಿಗೇ ಕಟ್ಟಿ. ಎತ್ತರದಲ್ಲಿ ಕಟ್ಟಿ ಎಳೆದರೆ ಟ್ರ್ಯಾಕ್ಟರ್ ಮುಂಭಾಗ ಎದ್ದು ಹಿಂದಕ್ಕೇ ಮಗುಚುತ್ತದೆ. ಲಿವರ್ ಬಿಡಲೂ ಸಮಯ ಸಿಗುವುದಿಲ್ಲ.

ಇಷ್ಟರ ನಡುವೆ ಒಂದು ಹೈಡ್ರಾಲಿಕ್ ಪೈಪ್ ಸೋರತೊಡಗಿತು. ಎಲ್ಲಿ ಸೋರುತ್ತಿದೆ ಎಂದು ಯಾವತ್ತೂ ಕೈಯಿಂದ ಸವರಿ ನೋಡಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಹೊರಬರುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಓಡಬೇಕು, ತಡವಾದರೆ ಬೆರಳೇ ಹೋಗಬಹುದು. ರಟ್ಟಿನ ತುಂಡು ಹಿಡಿದು ನೋಡಬೇಕು. ಬಿಚ್ಚುವ ಮೊದಲು ಬಕೆಟ್ ನೆಲಕ್ಕಿಳಿಸಿ, ಎಂಜಿನ್ ಆರಿಸಿ, ಲಿವರ್ ಅಲುಗಾಡಿಸಿ ಒತ್ತಡ ಇಳಿಸಬೇಕು. ಬಾಡಿಗೆಯವರು ಹೊಸ ಪೈಪ್ ಕಳಿಸುವವರೆಗೆ ಮತ್ತೆ ಕಾಯುವುದು. ಸುಮ್ಮನೆ ಕೂರದೆ ತೋಳಿನ ಪಿನ್ನುಗಳಿಗೆಲ್ಲ ಗ್ರೀಸ್ ಹೊಡೆದೆ. ಮಣ್ಣಿನ ಕೆಲಸದಲ್ಲಿ ಅದನ್ನು ದಿನಾ ಹೊಡೆಯುವುದೇ ಒಳ್ಳೆಯದು.

ಕಾಲುವೆಯೊಳಗೆ ಬಟ್ಟೆಯಂಥ ಸೋಸುವ ಹಾಸು, ಮೇಲೆ ಸ್ವಲ್ಪ ಜಲ್ಲಿ, ತೂತಿನ ಪೈಪ್, ಮತ್ತೆ ಜಲ್ಲಿ, ಹಾಸನ್ನು ಮೇಲೆ ಮಡಚಿ ಮುಚ್ಚಿದ್ದು. ತೂತುಗಳು ಕೆಳಮುಖ ಇರಲಿ. ಜಲ್ಲಿಯ ಬಿಲ್ಲು ನೋಡಿ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ಯಂತ್ರದ ಬಾಡಿಗೆಗೆ ಅದೇ ಸಮ ನಿಂತಿತು. ಖರ್ಚಿನ ಪಟ್ಟಿ ಮಾಡುವವರು ಟ್ರ್ಯಾಕ್ಟರ್ ಒಂದನ್ನೇ ಬರೆದುಕೊಳ್ಳಬೇಡಿ. ಸಾಗಣೆ, ಡೀಸೆಲ್, ರೋಲರ್, ಜಲ್ಲಿ, ಪೈಪ್ ಎಲ್ಲವನ್ನೂ ಬರೆಯಿರಿ. ಕಾದ ದಿನಗಳ ಬಾಡಿಗೆಯನ್ನೂ ಸೇರಿಸಿ.

ಮೇಲ್ಮಣ್ಣು ಶೆಡ್ ಮತ್ತು ಗಾಡಿಯ ಜಾಗಕ್ಕೆ ಬೇಡ, ಅಲ್ಲಿಗೆ ಜಲ್ಲಿಯೇ. ಕಡಿದ ಇಳಿಜಾರಿನ ಮೇಲೆ, ಸುತ್ತಲಿನ ಅಂಚಿಗೆ ಹರಡಿ ಹುಲ್ಲಿನ ಬೀಜ ಹಾಕಿದೆ. ಬೇರು ಬಿಡದ ಇಳಿಜಾರು ಮಳೆಗೆ ಕೊಚ್ಚಿಹೋಗುತ್ತದೆ. ಉಳಿದದ್ದು ಒಂದು ಸಣ್ಣ ಗುಡ್ಡೆ. ಅದನ್ನು ತಾಡಪಾಲು ಮುಚ್ಚಿ ಇಟ್ಟಿದ್ದೇನೆ. ಟ್ರ್ಯಾಕ್ಟರ್ ತೊಳೆದು, ಮೀಟರ್ ಅಂಕಿಯ ಫೋಟೋ ತೆಗೆದು ಕಳಿಸಿದೆ. ಬಂದಾಗಿನ ಫೋಟೋ ಇದ್ದುದರಿಂದ ಬಕೆಟ್‌ನ ಹಳೆಯ ತಗ್ಗಿನ ಬಗ್ಗೆ ಎದ್ದ ಮಾತು ಅಲ್ಲೇ ಮುಗಿಯಿತು.

ದೊಡ್ಡ ಮಳೆಯ ಮರುದಿನ ನೋಡಿದರೆ ಕಾಲುವೆಯ ಬಾಯಲ್ಲಿ ನೀರು ಸುರಿಯುತ್ತಿತ್ತು. ಪಕ್ಕದವರ ಗೋಡೆಯ ಬಿರುಕುಗಳು ಇದ್ದ ಹಾಗೇ ಇವೆ. ತುಂಬಿದ ಬದಿ ಒಂದು ಮೂಲೆಯಲ್ಲಿ ತುಸು ಕುಸಿದಿದೆ, ಅಲ್ಲಿಗೆ ಇನ್ನಷ್ಟು ಜಲ್ಲಿ ಹಾಕಿ ಒತ್ತಬೇಕು. ಇನ್ನು ಶೆಡ್‌ನ ಕಂಬಗಳಿಗೆ ಗುಂಡಿ ತೋಡುವುದು ಬಾಕಿ. ಅದಕ್ಕೆ ಟ್ರ್ಯಾಕ್ಟರ್ ತರಿಸುವುದಿಲ್ಲ, ಹಾರೆ ಸಾಕು.